ಜೀಪಿನ ತಲೆಯ ಮೇಲೆ ಎಷ್ಟು ಹೊರೆ?

(ಗಿರಿಮಾರ್ಗಗಳ ಜೀಪು ಚಾಲಕರು, ಹೋಂ ಸ್ಟೇ ನಡೆಸುವವರು ಹಾಗೂ ಬೆಳೆಗಾರರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಯುದ್ಧಕ್ಕಾಗಿ ಹುಟ್ಟಿದ ವಾಹನ ಜೀಪು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲು ತೊಡಗಿದ ಮೇಲೆ ಅದು ನಾಗರಿಕರ ಕೈಸೇರಿತು. ಕ್ರಮೇಣ ಮಲೆನಾಡಿನ ತೋಟಗಳಿಗೂ ಬಂತು. ಇಲ್ಲಿ ಅದು ವಿಹಾರದ ವಾಹನವಾಗಿರಲಿಲ್ಲ. ಕಾಫಿ ಮೂಟೆ, ಗೊಬ್ಬರದ ಚೀಲ, ಆಳುಕಾಳು, ಶಾಲೆಯ ಮಕ್ಕಳು, ಪುಷ್ಯ ಮಳೆಯ ನಡುರಾತ್ರಿಯಲ್ಲಿ ಹೆರಿಗೆ ನೋವು ತಿನ್ನುತ್ತಿರುವ ಹೆಣ್ಣುಮಗಳು, ಎಲ್ಲರನ್ನೂ ಎಲ್ಲವನ್ನೂ ಹೊತ್ತದ್ದು ಅದೇ ಜೀಪು. ಇಂದಿಗೂ ಅನೇಕ ಒಂಟಿಮನೆಗಳಿಗೆ ಆಂಬುಲೆನ್ಸ್ ಎಂದರೆ ನೆರೆಮನೆಯ ಜೀಪೇ.

ಈಗ ಅದೇ ದಾರಿಗಳಲ್ಲಿ ಬೇರೆ ಬಗೆಯ ವಾಹನಗಳು ಬರುತ್ತಿವೆ. 2010ರಲ್ಲಿ ಥಾರ್, 2020ರಲ್ಲಿ ಅದರ ಹೊಸ ರೂಪ, 2023ರಲ್ಲಿ ಜಿಮ್ನಿ ಮಾರುಕಟ್ಟೆಗೆ ಬಂದ ಬಳಿಕ ಕಚ್ಚಾದಾರಿಯ ಪ್ರವಾಸವೆಂಬುದು ಪಟ್ಟಣದ ಯುವಜನರ ಹವ್ಯಾಸವಾಗಿ ಬೆಳೆಯಿತು. ಕೊಡಚಾದ್ರಿಯ ಏರು, ಮಡಿಕೇರಿಯ ಬಳಿಯ ಮಾಂದಲಪಟ್ಟಿ, ಚಂದ್ರದ್ರೋಣ ಪರ್ವತದ ಸಾಲು, ಸಕಲೇಶಪುರದ ಸುತ್ತಣ ಗುಡ್ಡಗಳು ಈ ಹವ್ಯಾಸದ ಯಾತ್ರಾಸ್ಥಳಗಳಾದವು. ವಾಹನ ಕೊಂಡವರು ಮೊದಲು ಹೋಗುವುದು ಸಲಕರಣೆ ಅಂಗಡಿಗೆ. ಛಾವಣಿಯ ಮೇಲೆ ಕ್ಯಾರಿಯರ್, ಅದರ ಮುಂದೆ ಸಾಲು ದೀಪ, ಮೂತಿಗೆ ಕಬ್ಬಿಣದ ತಡೆ, ಅದರೊಳಗೆ ವಿಂಚ್, ಪಕ್ಕದಲ್ಲಿ ಉಸಿರುಕೊಳವೆ. ಇದನ್ನು ಕಂಡು ಬಾಡಿಗೆ ಜೀಪಿನವರೂ ತಮ್ಮ ಗಾಡಿಗೆ ಅವನ್ನೇ ತೊಡಿಸುತ್ತಿದ್ದಾರೆ. ತೊಡಿಸದಿದ್ದರೆ ಪ್ರವಾಸಿಗರು ಹತ್ತುವುದಿಲ್ಲವೆಂಬ ಅಂಜಿಕೆ ಅವರಿಗಿದೆ.

ಈ ಸಲಕರಣೆಗಳೆಲ್ಲ ಬೇಡವೆಂಬುದು ಈ ಉಪನ್ಯಾಸದ ವಾದವಲ್ಲ. ಮಂಜು ಕವಿದ ಘಾಟಿಯಲ್ಲಿ ಒಳ್ಳೆಯ ದೀಪ ಪ್ರಾಣ ಉಳಿಸುತ್ತದೆ. ಹುದುಲಿನಲ್ಲಿ ಹೂತ ಗಾಡಿಯನ್ನು ಎತ್ತಲು ಒಳ್ಳೆಯ ಹಗ್ಗ ಬೇಕೇ ಬೇಕು. ಆದರೆ ಅಂಗಡಿಯ ಬಾಗಿಲಲ್ಲಿ ಮಾಡುವ ಆಯ್ಕೆಯು ಗಾಡಿಯ ಮಾಲೀಕನೊಬ್ಬನಿಗೆ ಸಂಬಂಧಿಸಿದ್ದಲ್ಲ. ಅದು ಎದುರಿನಿಂದ ಬರುವ ಬೈಕಿನವನಿಗೆ, ದಾರಿಯ ಮೇಲೆ ಬಾಗಿದ ಮರಕ್ಕೆ, ಗುಡ್ಡದ ಹುಲ್ಲಿಗೆ, ಕೆಳಗಿನ ಮೆಣಸಿನ ಬಳ್ಳಿಗೆ ಸಂಬಂಧಿಸಿದ್ದು. ಆದ್ದರಿಂದ ಒಂದೊಂದನ್ನೂ ಲೆಕ್ಕ ಹಾಕಿ ನೋಡುವುದು ಲೇಸು.

ಹೊರೆಯ ಲೆಕ್ಕ

ಮೊದಲು ಕ್ಯಾರಿಯರ್. ಛಾವಣಿಯ ಮೇಲೆ ಎಷ್ಟು ಭಾರ ಹೇರಬಹುದೆಂಬುದನ್ನು ತಯಾರಕರು ಕೈಪಿಡಿಯಲ್ಲಿ ಬರೆದಿರುತ್ತಾರೆ. ಅದನ್ನು ಓದುವವರು ವಿರಳ. ಜಿಮ್ನಿಯಂಥ ಹಗುರ ವಾಹನದಲ್ಲಿ ಆ ಮಿತಿ ಕೇವಲ 30 ಕಿಲೋ. ಈ ಮಿತಿಯೊಳಗೆ ಕ್ಯಾರಿಯರ್‌ನ ತೂಕವೂ ಸೇರಿದೆ ಎಂಬುದು ಮರೆಯಬಾರದ ಮಾತು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಕೊಳವೆಗಳಿಂದ ಮಾಡಿಸಿದ ಕ್ಯಾರಿಯರ್ ಒಂದೇ 40 ಕಿಲೋ ತೂಗುವುದುಂಟು. ಅಂದರೆ ಸಾಮಾನು ಇಡುವ ಮೊದಲೇ ಮಿತಿ ಮೀರಿತು.

ಮಿತಿಯಲ್ಲಿಯೂ ಎರಡು ಬಗೆ. ಗಾಡಿ ನಿಂತಿರುವಾಗ ಛಾವಣಿ ತಾಳುವ ಭಾರ ಬೇರೆ, ಓಡುವಾಗ ತಾಳುವ ಭಾರ ಬೇರೆ. ನಿಂತ ಗಾಡಿಯ ಮೇಲಿನ ಡೇರೆಯಲ್ಲಿ ಇಬ್ಬರು ಮಲಗಿದರೆ ಏನೂ ಆಗದಿರಬಹುದು. ಆದರೆ ಅಷ್ಟೇ ಭಾರವನ್ನು ಹೊತ್ತು ಗುಂಡಿಗೆ ಇಳಿದು ಎದ್ದಾಗ ಛಾವಣಿಯ ಕಂಬಗಳ ಮೇಲೆ ಬೀಳುವ ಪೆಟ್ಟು ಅದರ ಹಲವು ಪಟ್ಟು. ಆದ್ದರಿಂದಲೇ ಕ್ಯಾರಿಯರ್ ತಯಾರಕರಲ್ಲಿ ಅನೇಕರು ಡಾಂಬರು ರಸ್ತೆಗೆ ಒಂದು ಮಿತಿ, ಕಚ್ಚಾದಾರಿಗೆ ಅದಕ್ಕಿಂತ ಕಡಿಮೆಯ ಇನ್ನೊಂದು ಮಿತಿ ಹೇಳುತ್ತಾರೆ. ಮಲೆನಾಡಿನ ಗಾಡಿಗೆ ಅನ್ವಯಿಸುವುದು ಎರಡನೆಯದು.

ಭಾರಕ್ಕಿಂತಲೂ ಅದರ ಎತ್ತರ ಮುಖ್ಯ. ಒಂದು ಸರಳ ಲೆಕ್ಕವನ್ನು ನೋಡಬಹುದು. 1500 ಕಿಲೋ ತೂಕದ ವಾಹನವೊಂದರ ಗುರುತ್ವಕೇಂದ್ರ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದೆ ಎಂದು ಭಾವಿಸೋಣ. ಎರಡು ಮೀಟರ್ ಎತ್ತರದ ಛಾವಣಿಯ ಮೇಲೆ 100 ಕಿಲೋ ಹೇರಿದರೆ ಗುರುತ್ವಕೇಂದ್ರ ಸುಮಾರು 78 ಸೆಂಟಿಮೀಟರಿಗೆ ಏರುತ್ತದೆ. ಎಡಬಲ ಚಕ್ರಗಳ ನಡುವಿನ ಅಂತರ 150 ಸೆಂಟಿಮೀಟರ್ ಇದ್ದರೆ, ಹೊರೆಯಿಲ್ಲದ ಗಾಡಿ ಕಾಗದದ ಲೆಕ್ಕದಲ್ಲಿ 47 ಡಿಗ್ರಿ ಓರೆಯವರೆಗೆ ನಿಲ್ಲಬಲ್ಲುದು. ಹೊರೆ ಹೊತ್ತ ಗಾಡಿ 44 ಡಿಗ್ರಿಗೇ ಮಗುಚುತ್ತದೆ. ಮೂರು ಡಿಗ್ರಿ ಅಲ್ಪವೆಂದು ತೋರೀತು. ಆದರೆ ಇದು ನಿಶ್ಚಲ ಗಾಡಿಯ ಲೆಕ್ಕ. ಸ್ಪ್ರಿಂಗ್ ಒಂದು ಬದಿಗೆ ಕುಗ್ಗಿ, ಟೈರು ಬಾಗಿ, ಮೇಲ್ಬದಿಯ ಚಕ್ರ ಕಲ್ಲಿನ ಮೇಲೆ ಏರಿ, ಕೆಳಬದಿಯ ಮಣ್ಣು ಜರುಗಿದಾಗ ಉಳಿದಿರುವ ಅಂತರ ಬಹಳ ಕಿರಿದು. ಆ ಕಿರಿದಾದ ಅಂತರದಲ್ಲಿ ಮೂರು ಡಿಗ್ರಿ ಎಂದರೆ ಗಾಡಿ ದಾರಿಯಲ್ಲಿ ಉಳಿಯುವುದಕ್ಕೂ ಕಣಿವೆಗೆ ಉರುಳುವುದಕ್ಕೂ ಇರುವ ವ್ಯತ್ಯಾಸವಾಗಬಹುದು. ಅದೇ 100 ಕಿಲೋ ಸಾಮಾನನ್ನು ಹಿಂದಿನ ಸೀಟು ಮಡಚಿ ನೆಲದ ಮೇಲೆ ಇಟ್ಟು ಬಿಗಿದರೆ ಗುರುತ್ವಕೇಂದ್ರ ಅಷ್ಟಾಗಿ ಏರುವುದಿಲ್ಲ.

ಇದರಿಂದ ತಾನಾಗಿ ಒಂದು ನಿಯಮ ಹೊರಡುತ್ತದೆ. ಭಾರವಾದದ್ದು ಕೆಳಗೆ, ಗಾತ್ರ ದೊಡ್ಡದಾಗಿ ಹಗುರಾದದ್ದು ಮೇಲೆ. ನೀರಿನ ಕ್ಯಾನು, ಹತ್ಯಾರಗಳ ಪೆಟ್ಟಿಗೆ, ಜಾಕು, ಸ್ಟೆಪ್ನಿ ಇವೆಲ್ಲ ಕೆಳಗಿರಬೇಕಾದವು. ಇಪ್ಪತ್ತು ಲೀಟರ್ ನೀರು ಎಂದರೆ 20 ಕಿಲೋ. ತುಂಬದ ಕ್ಯಾನಿನಲ್ಲಿ ಅದು ತುಳುಕಿ ಓಲಾಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹಾಸಿಗೆ, ಕಂಬಳಿ, ಖಾಲಿ ಬುಟ್ಟಿ, ತಾಡಪಾಲು ಮೇಲಿರಬಹುದು. ಪೆಟ್ರೋಲ್ ಕ್ಯಾನು ಮತ್ತು ಗ್ಯಾಸ್ ಸಿಲಿಂಡರ್ ಛಾವಣಿಯ ಮೇಲೆ ಎಂದಿಗೂ ಇರಕೂಡದು. ಬಿಸಿಲಿಗೆ ಕಾದ ಆವಿಗೂ ಮೇಲಿನ ವಿದ್ಯುತ್ ತಂತಿಗೂ ನಡುವೆ ಅಂತರ ಕಡಿಮೆ.

ಕ್ಯಾರಿಯರ್ ಮೇಲೆ ಇಟ್ಟದ್ದನ್ನು ಕಟ್ಟುವ ವಿಧಾನವೂ ಆಯ್ಕೆಯ ಭಾಗವೇ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ನೂರು ಕಿಲೋ ಹೊರೆ ಸುಮಾರು ಎಂಬತ್ತು ಕಿಲೋ ಭಾರದಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಎಳೆದರೆ ಉದ್ದವಾಗುವ ರಬ್ಬರ್ ಹಗ್ಗ ಇದನ್ನು ತಡೆಯಲಾರದು. ಹಲ್ಲುಚಕ್ರದ ಬಿಗಿತವಿರುವ ಪಟ್ಟಿಯೇ ಬೇಕು, ಅದೂ ಅಡ್ಡಲಾಗಿ ಎರಡು, ಉದ್ದಕ್ಕೆ ಎರಡು.

ಲೋಹ, ತುಕ್ಕು ಮತ್ತು ಗಾಳಿ

ಕ್ಯಾರಿಯರ್‌ಗೆ ಕಬ್ಬಿಣವೋ ಅಲ್ಯೂಮಿನಿಯಮ್ಮೋ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕಬ್ಬಿಣ ಅಗ್ಗ, ಊರಿನಲ್ಲಿಯೇ ದುರಸ್ತಿಯಾಗುತ್ತದೆ, ಆದರೆ ಭಾರ. ಅಲ್ಯೂಮಿನಿಯಂ ಹಗುರ, ಆದರೆ ಪದೇ ಪದೇ ನಡುಗಿದಾಗ ಬೆಸುಗೆಯ ಬಳಿ ಬಿರುಕು ಬಿಡುವ ಸ್ವಭಾವ ಅದಕ್ಕಿದೆ, ಸಣ್ಣ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅದನ್ನು ಬೆಸೆಯುವುದು ಕಷ್ಟ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ ಕಾಣುವ ಆಗುಂಬೆಯಂಥ ಸೀಮೆಯಲ್ಲಿ ಕಬ್ಬಿಣವನ್ನು ಆರಿಸುವವರು ಕೊಳವೆಯ ತುದಿಗಳನ್ನು ಮುಚ್ಚಿಸಬೇಕು, ನೀರು ಬಸಿಯಲು ಕೆಳಗೆ ಸಣ್ಣ ತೂತು ಬಿಡಿಸಬೇಕು. ತುಕ್ಕು ಕೊಳವೆಯ ಒಳಗಿನಿಂದಲೇ ತಿನ್ನುತ್ತ ಬರುವುದರಿಂದ ಹೊರಗಿನ ಬಣ್ಣ ಹೊಳೆಯುತ್ತಿದ್ದರೂ ಒಳಗೆ ಲೋಹ ಉಳಿದಿರುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಉಕ್ಕಿನ ಬೋಲ್ಟು ಹಾಕಿದಾಗ ಒದ್ದೆಯಲ್ಲಿ ಎರಡು ಲೋಹಗಳ ನಡುವೆ ಸವೆತ ಆರಂಭವಾಗುತ್ತದೆ. ನಡುವೆ ನೈಲಾನ್ ವಾಷರ್ ಇಟ್ಟರೆ ಅದು ತಪ್ಪುತ್ತದೆ.

ಬೇಡದಿದ್ದಾಗ ಬಿಚ್ಚಿ ಇಡಬಹುದಾದ ಕ್ಯಾರಿಯರ್ ಎಲ್ಲಕ್ಕಿಂತ ಉತ್ತಮ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿದ್ದ ತಡೆ 80ರಲ್ಲಿ ನಾಲ್ಕು ಪಟ್ಟಾಗುತ್ತದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಛಾವಣಿಯ ಕ್ಯಾರಿಯರ್‌ನಿಂದ ಒಂದು ವಾಹನದ ಇಂಧನ ಬಳಕೆ ಶೇಕಡಾ 25ರವರೆಗೂ ಹೆಚ್ಚಬಹುದು. ಬೆಂಗಳೂರಿನಿಂದ ಗುಡ್ಡದ ಬುಡದವರೆಗಿನ ಹೆದ್ದಾರಿಯಲ್ಲಿ ಖಾಲಿ ಕ್ಯಾರಿಯರ್ ಸುಡುವ ಡೀಸೆಲ್ಲಿಗೆ ಯಾವ ಪ್ರತಿಫಲವೂ ಇಲ್ಲ.

ಮತ್ತೊಂದು ನಷ್ಟ ಯಾರ ಲೆಕ್ಕದ ಪುಸ್ತಕದಲ್ಲಿಯೂ ಬರುವುದಿಲ್ಲ. ಗಾಡಿಯ ಎತ್ತರ ಒಂದು ಮೊಳ ಹೆಚ್ಚಿತೆಂದರೆ ದಾರಿಯ ಮೇಲಿನ ಕೊಂಬೆಗಳು ಅಡ್ಡವಾಗುತ್ತವೆ. ಅಡ್ಡವಾದ ಕೊಂಬೆಗೆ ಕತ್ತಿ ಬೀಳುತ್ತದೆ. ಎರಡೂ ಬದಿಯ ಮರಗಳು ಕೈಕೈ ಹಿಡಿದಂತೆ ಕೂಡಿರುವ ಆ ಹಸಿರು ಚಪ್ಪರವೇ ಸಿಂಗಳೀಕಕ್ಕೆ, ಕಾಡುಪಾಪಕ್ಕೆ, ಕೆಂದಳಿಲಿಗೆ ದಾರಿ ದಾಟುವ ಸೇತುವೆ. ಚಪ್ಪರ ಹರಿದರೆ ಅವು ನೆಲಕ್ಕಿಳಿದು ದಾಟಬೇಕು, ನೆಲದಲ್ಲಿ ಚಕ್ರಗಳಿವೆ. ಹರಿದ ಚಪ್ಪರದಿಂದ ಬಿಸಿಲು ಬಿದ್ದ ಕಡೆ ಲಂಟಾನ, ಕಮ್ಯುನಿಸ್ಟ್ ಗಿಡಗಳು ಮೇಲೇಳುತ್ತವೆ. ಹೀಗೆ ಕ್ಯಾರಿಯರ್‌ನ ಎತ್ತರವೂ ಕಾಡಿನ ಅಂಚನ್ನು ಬದಲಿಸಬಲ್ಲುದು. ತೋಟದ ಒಳದಾರಿಗಳಲ್ಲಿ ಜೋತುಬಿದ್ದ ವಿದ್ಯುತ್ ತಂತಿಗಳ ಅಪಾಯ ಬೆಳೆಗಾರರಿಗೆ ಹೊಸದಾಗಿ ಹೇಳಬೇಕಾದುದಲ್ಲ. ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಮೆಣಸು ಕೊಯ್ಯುವವರು ಸತ್ತ ಸುದ್ದಿ ಕೇಳದ ಊರಿಲ್ಲ. ಛಾವಣಿಯ ಮೇಲಿನ ಲೋಹಕ್ಕೂ ಅದೇ ಎಚ್ಚರ ಸಲ್ಲಬೇಕು.

ಬೆಳಕಿನ ವಿವೇಕ

ಎರಡನೆಯದು ದೀಪ. ಮಲೆನಾಡಿನ ಚಾಲಕನಿಗೆ ಕತ್ತಲೆಗಿಂತ ದೊಡ್ಡ ಶತ್ರು ಮಂಜು. ಮಂಜಿನಲ್ಲಿ ಹೆಚ್ಚು ಬೆಳಕು ಎಂದರೆ ಹೆಚ್ಚು ನೋಟ ಎಂಬ ನಂಬಿಕೆಯಿಂದಲೇ ಛಾವಣಿಯ ಮೇಲೆ ಸಾಲು ದೀಪಗಳು ಏರಿವೆ. ವಾಸ್ತವ ಅದಕ್ಕೆ ತದ್ವಿರುದ್ಧ. ಛಾವಣಿಯ ಮೇಲಿನ ದೀಪ ಚಾಲಕನ ಕಣ್ಣಿನ ಮುಂದಿರುವ ಮಂಜಿನ ಹನಿಗಳನ್ನೇ ಮೊದಲು ಬೆಳಗುತ್ತದೆ. ಹನಿಗಳಿಂದ ಚದುರಿದ ಬೆಳಕು ಹಿಂದಿರುಗಿ ಅವನ ಕಣ್ಣಿಗೇ ಬೀಳುತ್ತದೆ. ಮುಂದೆ ಬಿಳಿಯ ಗೋಡೆಯೊಂದು ನಿಂತಂತಾಗುತ್ತದೆ. ಸಾಲದ್ದಕ್ಕೆ ಬಾನೆಟ್ಟಿನ ಮೇಲೆ ಬಿದ್ದ ಬೆಳಕೂ ಕಣ್ಣು ಕುಕ್ಕುತ್ತದೆ.

ಮಂಜಿನ ದೀಪದ ಸ್ಥಾನ ಬಂಪರಿನ ಕೆಳಗೆ. ಅಗಲವಾಗಿ ಹರಡುವ, ಮೇಲಂಚು ಗೆರೆ ಎಳೆದಂತೆ ಕತ್ತರಿಸಿರುವ ಬೆಳಕು ಮಂಜಿನ ಅಡಿಯಲ್ಲಿ ನುಸುಳಿ ರಸ್ತೆಯ ಅಂಚನ್ನು ತೋರುತ್ತದೆ. ಹಳದಿ ಬೆಳಕು ಮಂಜನ್ನು ಭೇದಿಸುತ್ತದೆ ಎಂಬ ಮಾತು ಜನಪ್ರಿಯವಾದರೂ ಪೂರ್ಣಸತ್ಯವಲ್ಲ. ಮಂಜಿನ ಹನಿಗಳು ಬೆಳಕಿನ ಅಲೆಯುದ್ದಕ್ಕಿಂತ ಹಲವಾರು ಪಟ್ಟು ದೊಡ್ಡವು. ಆದ್ದರಿಂದ ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿಯೇ ಚದುರಿಸುತ್ತವೆ. ಹಳದಿಯ ಅನುಕೂಲವಿರುವುದು ಕಣ್ಣಿಗೆ. ನೀಲಿಯಂಶ ಕಡಿಮೆ ಇರುವುದರಿಂದ ಕುಕ್ಕುವಿಕೆ ಕಡಿಮೆ. ದೀಪದ ಎತ್ತರ ಮತ್ತು ಕಿರಣದ ಆಕಾರ ಬಣ್ಣಕ್ಕಿಂತ ಮುಖ್ಯ ಎಂಬುದು ಇದರ ಸಾರಾಂಶ. ಬೇರೆ ದೀಪ ಕೊಳ್ಳುವ ಮೊದಲು ಮಾಡಬೇಕಾದ ಖರ್ಚಿಲ್ಲದ ಕೆಲಸವೊಂದಿದೆ: ಇರುವ ಹೆಡ್‌ಲೈಟಿನ ಗಾಜನ್ನು ಒರೆಸಿ, ಅದರ ಕೋನವನ್ನು ಗೋಡೆಯೆದುರು ಗಾಡಿ ನಿಲ್ಲಿಸಿ ಸರಿಪಡಿಸುವುದು. ಹಿಂದೆ ಭಾರ ಹೇರಿದಾಗ ಗಾಡಿಯ ಮೂತಿ ಮೇಲೇಳುವುದರಿಂದ ಡಿಮ್ ಬೆಳಕೂ ಎದುರಿನವರ ಕಣ್ಣಿಗೆ ನೇರ ಬೀಳುತ್ತದೆ.

ವೈರಿಂಗ್ ವಿಷಯದಲ್ಲಿ ಜಿಪುಣತನ ಸಲ್ಲದು. 120 ವಾಟಿನ ದೀಪ 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತದೆ. ಅದನ್ನು ಹೆಡ್‌ಲೈಟಿನ ತಂತಿಗೆ ನೇರ ಸುತ್ತಿದರೆ ತಂತಿ ಕಾದು ಹೊದಿಕೆ ಕರಗುತ್ತದೆ. ಬ್ಯಾಟರಿಯಿಂದ ಪ್ರತ್ಯೇಕ ತಂತಿ, ಅದರ ಬುಡದಲ್ಲಿಯೇ ಫ್ಯೂಸ್, ನಡುವೆ ರಿಲೇ, ತಂತಿ ಹಾದುಹೋಗುವ ತೂತುಗಳಿಗೆ ರಬ್ಬರ್ ಬಳೆ ಇಷ್ಟು ಇರಲೇಬೇಕು. ನಡುಕಾಡಿನಲ್ಲಿ ಹೊತ್ತಿ ಉರಿಯುವ ಗಾಡಿ ತನ್ನೊಡನೆ ಒಣಹುಲ್ಲಿನ ಗುಡ್ಡವನ್ನೂ ಒಯ್ಯಬಲ್ಲುದು. ಆದಕಾರಣ ಸಣ್ಣದೊಂದು ಅಗ್ನಿಶಾಮಕ ಚಾಲಕನ ಕೈಗೆಟಕುವಲ್ಲಿರಬೇಕು.

ಬೆಳಕಿನ ಇನ್ನೊಂದು ಬದಿ ಕಾಡಿನದು. ಅನೇಕ ನಿಶಾಚರಿ ಪ್ರಾಣಿಗಳ ಕಣ್ಣಿನ ಹಿಂದೆ ಬೆಳಕನ್ನು ಮರಳಿಸುವ ಪೊರೆಯಿದೆ. ಮಂದ ಬೆಳಕಿಗಾಗಿ ರೂಪುಗೊಂಡ ಆ ಕಣ್ಣಿಗೆ ತೀಕ್ಷ್ಣ ದೀಪ ಬಿದ್ದರೆ ಪ್ರಾಣಿ ದಿಕ್ಕುತೋಚದೆ ನಿಂತುಬಿಡುತ್ತದೆ. ಮನುಷ್ಯನ ಕಣ್ಣೂ ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದು ಕ್ಷಣದ ಝಳಕು ಅದನ್ನು ಕೆಡಿಸುತ್ತದೆ. ಆನೆಯಿರುವ ಸೀಮೆಯಲ್ಲಿ ಗಾಡಿ ಹಾದುಹೋದ ಮೇಲೆ ಕತ್ತಲಲ್ಲಿ ನಡೆದು ಬರುವ ಕೂಲಿಯಾಳಿಗೆ ಆ ಕೆಲವು ನಿಮಿಷಗಳ ಕುರುಡು ಎಂಥದೆಂಬುದನ್ನು ಊಹಿಸಿಕೊಳ್ಳಬಹುದು.

ಕೀಟಗಳ ವಿಷಯದಲ್ಲಿ 2024ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಸಂಶೋಧನೆ ಗಮನಾರ್ಹ. ಹಾರುವ ಕೀಟ ದೀಪದ ಮೋಹಕ್ಕೆ ಸಿಲುಕುವುದಲ್ಲ. ಆಕಾಶದ ಬೆಳಕಿನ ಕಡೆಗೆ ಬೆನ್ನು ತಿರುಗಿಸಿ ಹಾರುವುದು ಅದರ ಸಹಜ ಪ್ರವೃತ್ತಿ. ಹತ್ತಿರದ ಕೃತಕ ದೀಪವನ್ನೇ ಆಕಾಶವೆಂದು ತಿಳಿದು ಅದಕ್ಕೆ ಬೆನ್ನು ತಿರುಗಿಸುತ್ತ ಅದು ಸುತ್ತಲೇ ಗಿರಕಿ ಹೊಡೆಯುತ್ತದೆ ಎಂಬುದು ಆ ಸಂಶೋಧನೆಯ ಸಾರ. ನೀಲಿಯಂಶ ಹೆಚ್ಚಿರುವ ತಣ್ಣನೆಯ ಬಿಳಿ ದೀಪಕ್ಕೆ ಕೀಟಗಳು ಹೆಚ್ಚು ಬೀಳುತ್ತವೆ. ಬೆಚ್ಚನೆಯ ಹಳದಿ ದೀಪಕ್ಕೆ ಕಡಿಮೆ. ಮುಂಗಾರಿನ ಮೊದಲ ಮಳೆಗಳಲ್ಲಿ ಮಿಂಚುಹುಳುಗಳು ತಮ್ಮ ಬೆಳಕಿನ ಸಂಕೇತದಿಂದಲೇ ಜೊತೆಗಾರರನ್ನು ಹುಡುಕುತ್ತವೆ. ಡೇರೆಯ ಸುತ್ತ ರಾತ್ರಿಯೆಲ್ಲ ಉರಿಯುವ ಬಿಳಿ ದೀಪದೆದುರು ಆ ಸಂಕೇತ ಅಳಿಸಿಹೋಗುತ್ತದೆ. ಆದ್ದರಿಂದ ಬಿಡಾರದ ದೀಪ ಹಳದಿಯದಿರಲಿ, ಕೆಳಮುಖವಾಗಿರಲಿ, ಕೆಲಸ ಮುಗಿದೊಡನೆ ಆರಲಿ.

ಚಕ್ರದ ಗಾಳಿ ಮತ್ತು ನೆಲದ ಉಸಿರು

ಸಲಕರಣೆಗಳಲ್ಲಿ ಅತ್ಯಂತ ಉಪಯುಕ್ತವಾದವು ನೋಡಲು ಆಕರ್ಷಕವಲ್ಲ. ಟೈರಿನ ಗಾಳಿಯ ಒತ್ತಡ ಅಳೆಯುವ ಮಾಪಕ ಮತ್ತು ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಇವೆರಡೂ ಆ ಸಾಲಿನಲ್ಲಿ ಮೊದಲು ನಿಲ್ಲುತ್ತವೆ. ಡಾಂಬರಿನ ಮೇಲೆ 32 ಪೌಂಡು ಒತ್ತಡವಿದ್ದ ಟೈರನ್ನು ಕಚ್ಚಾದಾರಿಯಲ್ಲಿ 20ಕ್ಕೆ ಇಳಿಸಿದರೆ ಟೈರು ನೆಲದ ಮೇಲೆ ಅಗಲವಾಗಿ ಹರಡಿಕೊಳ್ಳುತ್ತದೆ. ನೆಲದ ಮೇಲೆ ಬೀಳುವ ಒತ್ತಡ ಸ್ಥೂಲವಾಗಿ ಮೂರನೆಯ ಒಂದು ಭಾಗದಷ್ಟು ಇಳಿಯುತ್ತದೆ. ಹಿಡಿತ ಹೆಚ್ಚುತ್ತದೆ, ಚಕ್ರ ತಿರುಗಿ ತಿರುಗಿ ಹುದುಲು ಮಾಡುವುದು ತಪ್ಪುತ್ತದೆ. ಡಾಂಬರಿಗೆ ಮರಳುವಾಗ ಮತ್ತೆ ಗಾಳಿ ತುಂಬಲು ಪಂಪು ಬೇಕು. ಪಂಪು ಇಲ್ಲದ ಚಾಲಕ ಒತ್ತಡ ಇಳಿಸುವುದಿಲ್ಲ. ಬದಲಿಗೆ ಎಕ್ಸಲರೇಟರ್ ತುಳಿಯುತ್ತಾನೆ. ಗುಡ್ಡದ ಗಾಯ ಅಲ್ಲಿಂದ ಆರಂಭ.

ಆರೋಗ್ಯವಂತ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧ ಭಾಗ ಬರಿಯ ಸಂದುಗಳೇ. ಗಾಳಿ ಮತ್ತು ನೀರು ಇರುವುದು ಆ ಸಂದುಗಳಲ್ಲಿ. ಒದ್ದೆ ನೆಲದ ಮೇಲೆ ಚಕ್ರ ಹಾದಾಗ ದೊಡ್ಡ ಸಂದುಗಳು ಮೊದಲು ಮುಚ್ಚುತ್ತವೆ. ಹಾನಿಯ ಬಹುಪಾಲು ಆಗುವುದು ಮೊದಲ ಕೆಲವು ಓಡಾಟಗಳಲ್ಲಿಯೇ. ಹತ್ತು ಗಾಡಿಗಳು ಒಂದೇ ಜಾಡಿನಲ್ಲಿ ಹೋಗುವುದಕ್ಕಿಂತ ಹತ್ತು ಗಾಡಿಗಳು ಹತ್ತು ಜಾಡು ಮಾಡುವುದು ಬಹಳ ಕೆಡುಕಿನದು ಎನ್ನುವುದು ಇದೇ ಕಾರಣಕ್ಕೆ. ಸಂದು ಮುಚ್ಚಿದ ನೆಲ ಮಳೆಯನ್ನು ಕುಡಿಯಲಾರದು. ನೀರು ಚಕ್ರದ ಗೆರೆಯನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ. ಎರಡು ಮಳೆಗಾಲ ಕಳೆದರೆ ಗೆರೆ ಕೊರಕಲಾಗುತ್ತದೆ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವುದು ಇಂಥ ಶೋಲೆ ಮತ್ತು ಹುಲ್ಲುಗಾವಲಿನ ನೆತ್ತಿಯಲ್ಲಿಯೇ. ನೆತ್ತಿ ನೀರು ಹಿಡಿಯದಿದ್ದರೆ ಬೇಸಿಗೆಯಲ್ಲಿ ಅಬ್ಬಿ ನೀರು ನಂಬಿದ ಮನೆಗಳ ದಂಬೆ ಒಣಗುತ್ತದೆ.

ಆಳವಾದ ಹಲ್ಲುಗಳಿರುವ ಕೆಸರಿನ ಟೈರು ಹುಲ್ಲಿನ ಬೇರನ್ನು ಕಿತ್ತು ಎಸೆಯುತ್ತದೆ, ಡಾಂಬರಿನ ಮೇಲೆ ಒದ್ದೆಯಲ್ಲಿ ಜಾರುತ್ತದೆ. ವರ್ಷದ ಬಹುಪಾಲು ಡಾಂಬರಿನಲ್ಲಿ ಓಡುವ ಗಾಡಿಗೆ ಎರಡೂ ನೆಲಕ್ಕೆ ಹೊಂದುವ ಮಧ್ಯಮ ಹಲ್ಲಿನ ಟೈರು ಸಾಕು.

ಹೂತ ಗಾಡಿಯನ್ನು ಎತ್ತಲು ಗುದ್ದಲಿ, ಚಕ್ರದಡಿ ಇಡುವ ಹಲಗೆ, ಭಾರದ ಮಿತಿ ಮುದ್ರಿಸಿರುವ ಕೊಂಡಿ ಮತ್ತು ಹಗ್ಗ ಇವು ವಿಂಚಿಗಿಂತ ಮೊದಲು ಬರಬೇಕು. ಹಗ್ಗವನ್ನು ಬಂಪರಿಗೆ ಕಟ್ಟಿ ಎಳೆಯುವುದು ಪ್ರಾಣಾಂತಿಕ. ಕಿತ್ತು ಬಂದ ಕಬ್ಬಿಣ ಗುಂಡಿನಂತೆ ಹಾರುತ್ತದೆ. ಚಾಸಿಗೆ ಸೇರಿದ ಎಳೆಗೊಂಡಿಗೇ ಕಟ್ಟಬೇಕು, ಎಳೆಯುವಾಗ ನೋಡುವವರು ಹಗ್ಗದ ಉದ್ದಕ್ಕಿಂತ ದೂರ ನಿಲ್ಲಬೇಕು. ವಿಂಚ್ ಹಾಕಿಸಿಕೊಂಡವರು ಕನಿಷ್ಠ 75 ಮಿಲಿಮೀಟರ್ ಅಗಲದ ಪಟ್ಟಿಯನ್ನೂ ಇಟ್ಟುಕೊಳ್ಳುವುದು ಕಡ್ಡಾಯವೆಂದು ತಿಳಿಯಬೇಕು. ಉಕ್ಕಿನ ಹಗ್ಗವನ್ನು ಮರಕ್ಕೆ ನೇರ ಸುತ್ತಿದರೆ ಅದು ತೊಗಟೆಯನ್ನೂ ಅದರಡಿಯ ಬೆಳೆಯುವ ಪದರವನ್ನೂ ಕತ್ತರಿಸುತ್ತದೆ. ಸುತ್ತಲೂ ತೊಗಟೆ ಹರಿದ ಮರ ಅಂದೇ ಬೀಳುವುದಿಲ್ಲ. ಬೇರಿಗೆ ಆಹಾರ ಇಳಿಯದೆ ಮುಂದಿನ ವರ್ಷಗಳಲ್ಲಿ ನಿಂತಲ್ಲೇ ಒಣಗುತ್ತದೆ. ಗಾಳಿಯ ನೆತ್ತಿಯಲ್ಲಿ ಕುಳ್ಳಗೆ ಬೆಳೆದ ಶೋಲೆಯ ಮರವೊಂದಕ್ಕೆ ನೋಟದಿಂದ ವಯಸ್ಸು ಹೇಳಲಾಗದು. ಅದನ್ನು ಗೂಟವೆಂದು ಬಗೆಯುವುದು ಅನ್ಯಾಯ.

ಉಸಿರುಕೊಳವೆ ಇದ್ದ ಮಾತ್ರಕ್ಕೆ ಗಾಡಿ ದೋಣಿಯಾಗುವುದಿಲ್ಲ. ಎರಡು ಅಡಿ ಆಳದ ಹರಿಯುವ ನೀರು ಗಾಡಿಯನ್ನು ಎತ್ತಿ ಒಯ್ಯಬಲ್ಲುದು. ಹಳ್ಳವನ್ನು ಇರುವ ಕಡವಿನಲ್ಲಿಯೇ, ನೇರವಾಗಿ, ಒಮ್ಮೆ ದಾಟಬೇಕು; ಛಾಯಾಚಿತ್ರಕ್ಕಾಗಿ ಹಳ್ಳದೊಳಗೆ ಹತ್ತು ಬಾರಿ ಓಡಿಸುವುದೆಂದರೆ ಕಲ್ಲಿನಡಿಯ ಕಪ್ಪೆಮೊಟ್ಟೆಗಳ ಮೇಲೂ ಕೆಳಮನೆಯ ಕುಡಿಯುವ ನೀರಿನ ಮೇಲೂ ಗಾಡಿ ಓಡಿಸಿದಂತೆ.

ಕೆಸರಿನ ಜೊತೆ ಬರುವ ಅತಿಥಿ

ಸಲಕರಣೆಯ ಪಟ್ಟಿಗಳಲ್ಲಿ ಎಲ್ಲಿಯೂ ಕಾಣದ, ಆದರೆ ಬೆಳೆಗಾರರಿಗೆ ಅತ್ಯಗತ್ಯವಾದ ಒಂದು ವಸ್ತುವಿದೆ: ಗಟ್ಟಿ ಕೂದಲಿನ ಬ್ರಶ್ಶು. ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೆ ಕಾರಣವಾದ ಫೈಟಾಫ್ತೊರಾ ಕ್ಯಾಪ್ಸಿಸಿ ಮಣ್ಣಿನಲ್ಲಿ, ಕೊಳೆತ ಬೇರಿನಲ್ಲಿ ಉಳಿಯುತ್ತದೆ. ಮಳೆನೀರಿನಲ್ಲಿ ಅದರ ಬೀಜಾಣುಗಳು ಈಜುತ್ತವೆ. ಶುಂಠಿಯ ಹಸಿ ಸೊರಗು ಮತ್ತು ಗಡ್ಡೆಕೊಳೆಯ ರೋಗಾಣುಗಳೂ ಮಣ್ಣಿನವೇ. ಬಾಳೆಯ ಪನಾಮ ಸೊರಗಿನ ಶಿಲೀಂಧ್ರ ಬಾಳೆಯಿಲ್ಲದ ನೆಲದಲ್ಲಿಯೂ ದಶಕಗಳ ಕಾಲ ಬದುಕಬಲ್ಲುದು. ಒಂದು ತೋಟದ ಕೆಸರು ಚಕ್ರದ ಹಲ್ಲಿನಲ್ಲಿ, ಮಡ್‌ಗಾರ್ಡಿನ ಒಳಗೆ, ಚಾಸಿಯ ಮೂಲೆಯಲ್ಲಿ ಕುಳಿತು ಮರುದಿನ ಇನ್ನೊಂದು ತೋಟಕ್ಕೆ ಇಳಿಯಲು ಯಾರ ಅಪ್ಪಣೆಯೂ ಬೇಕಿಲ್ಲ. ಪಾರ್ಥೇನಿಯಂ ಬೀಜವೂ ಹಾಗೆಯೇ ಪ್ರಯಾಣಿಸುತ್ತದೆ.

ಪಶ್ಚಿಮ ಆಸ್ಟ್ರೇಲಿಯದ ಅನುಭವ ಇಲ್ಲಿ ಪಾಠವಾಗಬಲ್ಲುದು. ಫೈಟಾಫ್ತೊರಾ ಸಿನ್ನಮೋಮಿ ಎಂಬ ಸೋದರ ರೋಗಾಣು ಅಲ್ಲಿನ ಜರ್ರಾ ಕಾಡುಗಳನ್ನೂ ಬ್ಯಾಂಕ್ಸಿಯಾ ಪೊದೆಗಳನ್ನೂ ಒಣಗಿಸಿತು. ಅದು ಹರಡಿದ ಮುಖ್ಯ ಮಾರ್ಗಗಳಲ್ಲಿ ವಾಹನಗಳಿಗೆ ಅಂಟಿದ ಮಣ್ಣೂ ಒಂದು. ರೋಗ ಸೋಂಕದ ಕಾಡಿನೊಳಗೆ ಹೋಗುವ ಮೊದಲು ಗಾಡಿ ತೊಳೆಯುವ ಪದ್ಧತಿ ಅಲ್ಲಿ ರೂಢಿಗೆ ಬಂದದ್ದು ಆ ನಷ್ಟದ ಬಳಿಕ. ಮಲೆನಾಡು ನಷ್ಟಕ್ಕಾಗಿ ಕಾಯಬೇಕಿಲ್ಲ. ಹೊರಡುವ ಸ್ಥಳದಲ್ಲಿಯೇ ಕೆಸರನ್ನು ಕೆರೆದು ಉದುರಿಸಿ, ಹಳ್ಳಕ್ಕೆ ಹರಿಯದ ಜಾಗದಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿದರೆ ಅಪಾಯ ಬಹಳಷ್ಟು ಇಳಿಯುತ್ತದೆ. ಹಳ್ಳದೊಳಗೆ ಗಾಡಿ ನಿಲ್ಲಿಸಿ ತೊಳೆಯುವುದು ಮಾತ್ರ ರೋಗವನ್ನು ಕೆಳಗಿನ ಎಲ್ಲ ತೋಟಗಳಿಗೂ ಹಂಚಿದಂತೆ.

ಕಾನೂನಿನ ಗೆರೆ

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಿರ್ದಿಷ್ಟಪಡಿಸಿ ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಮೂತಿಗೆ ಹಾಕುವ ಕಬ್ಬಿಣದ ತಡೆಯ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆಯಿತು. ಅದಕ್ಕೆ ಕಾರಣವೂ ಇದೆ. ಡಿಕ್ಕಿಯಲ್ಲಿ ಕುಸಿದು ಪೆಟ್ಟನ್ನು ನುಂಗಬೇಕಾದ ಭಾಗವನ್ನು ಆ ಕಬ್ಬಿಣ ಕುಸಿಯಗೊಡುವುದಿಲ್ಲ. ಏರ್‌ಬ್ಯಾಗಿನ ಸಂವೇದಕವನ್ನು ದಾರಿತಪ್ಪಿಸುತ್ತದೆ. ಪಾದಚಾರಿಗೆ ಬೀಳುವ ಪೆಟ್ಟನ್ನು ಹೆಚ್ಚಿಸುತ್ತದೆ. ಕಣ್ಣು ಕೋರೈಸುವ ದೀಪಗಳ ವಿರುದ್ಧ ಕರ್ನಾಟಕದ ಪೊಲೀಸರು 2024ರ ಜುಲೈಯಲ್ಲಿ ರಾಜ್ಯಾದ್ಯಂತ ಪ್ರಕರಣ ದಾಖಲಿಸಿದರು. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಪ್ರವೇಶವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸುತ್ತದೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿರ್ಬಂಧ 2009ರಲ್ಲಿ ಜಾರಿಗೆ ಬಂತು. ಯಾವ ದೀಪವೂ, ಯಾವ ಟೈರೂ ಈ ಗೆರೆಗಳನ್ನು ದಾಟುವ ಪರವಾನಗಿಯಲ್ಲ.

ಆಯ್ಕೆಯ ಕ್ರಮ

ಹಾಗಾದರೆ ಸೀಮಿತ ಹಣವಿರುವ ಚಾಲಕ ಯಾವುದನ್ನು ಮೊದಲು ಕೊಳ್ಳಬೇಕು? ಮೊದಲು ಒಳ್ಳೆಯ ಟೈರು, ಮಾಪಕ, ಪಂಪು. ಬಳಿಕ ಗುದ್ದಲಿ, ಹಗ್ಗ, ಕೊಂಡಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಅಗ್ನಿಶಾಮಕ, ಬ್ರಶ್ಶು. ಆಮೇಲೆ ಬಂಪರಿನಡಿಯ ಮಂಜಿನ ದೀಪ ಜೋಡಿ. ಇವೆಲ್ಲ ಆದ ಮೇಲೂ ಸಾಮಾನು ಒಳಗೆ ಹಿಡಿಸದಿದ್ದರೆ ಮಾತ್ರ ಬಿಚ್ಚಿಡಬಹುದಾದ ಹಗುರ ಕ್ಯಾರಿಯರ್. ವಿಂಚ್ ಮತ್ತು ಉಸಿರುಕೊಳವೆ ಪಟ್ಟಿಯ ಕಟ್ಟಕಡೆಗೆ. ಅಂಗಡಿಯ ಗಾಜಿನಲ್ಲಿ ಕಾಣುವ ಕ್ರಮ ಇದರ ತಿರುಗುಮುರುಗು.

ಹೋಂ ಸ್ಟೇ ನಡೆಸುವವರ ಪಾತ್ರವೂ ಇಲ್ಲಿ ದೊಡ್ಡದು. ಗೇಟಿನ ಬಳಿ ಒಂದು ನಲ್ಲಿ, ಒಂದು ಬ್ರಶ್ಶು, ತೊಳೆದ ನೀರು ಇಂಗಲು ಒಂದು ಗುಂಡಿ ಮಾಡಿಟ್ಟರೆ ಅತಿಥಿಗಳು ಬಳಸುತ್ತಾರೆ. ಯಾವ ದಾರಿ ಯಾವ ತಿಂಗಳಿನಲ್ಲಿ ಮುಚ್ಚಿರಬೇಕೆಂಬುದನ್ನು ಊರಿನವರು ಕುಳಿತು ನಿರ್ಣಯಿಸಿದರೆ ಬಾಡಿಗೆ ಜೀಪಿನವರ ನಡುವಿನ ಪೈಪೋಟಿಯೂ ತಗ್ಗುತ್ತದೆ. ಮಳೆಗಾಲದಲ್ಲಿ ಗುಡ್ಡ ಹತ್ತುವುದಿಲ್ಲವೆಂದು ಒಬ್ಬನೇ ಹೇಳಿದರೆ ಅವನಿಗೆ ಬಾಡಿಗೆ ತಪ್ಪುತ್ತದೆ. ಎಲ್ಲರೂ ಹೇಳಿದರೆ ಅದು ಊರಿನ ನಿಯಮವಾಗುತ್ತದೆ.

ಪ್ರವಾಸಿ ಎರಡು ದಿನ ಇದ್ದು ಹೋಗುತ್ತಾನೆ. ಜೀಪಿನವನು ಅದೇ ಗುಡ್ಡದಡಿ ಮಲಗುತ್ತಾನೆ, ಅದೇ ಹಳ್ಳದ ನೀರು ಕುಡಿಯುತ್ತಾನೆ, ಅವನ ಮನೆಯಂಗಳದಲ್ಲಿಯೂ ನಾಲ್ಕು ಮೆಣಸಿನ ಬಳ್ಳಿಗಳಿವೆ. ಗಾಡಿಗೆ ಏನು ಬೇಕು, ಏನು ಬೇಡ ಎಂಬುದನ್ನು ನಿರ್ಣಯಿಸುವ ಮೊದಲ ಹಕ್ಕು ಅವನದು. ಆ ಹಕ್ಕನ್ನು ಅವನು ಅಂಗಡಿಯ ಜಾಹೀರಾತಿಗೆ ಬಿಟ್ಟುಕೊಡದಿರಲಿ ಎಂಬ ಆಶಯದೊಂದಿಗೆ ಈ ಮಾತುಗಳು ಮುಗಿಯುತ್ತವೆ.